ಯಾರೂ ಅನ್ನದ ಮಾತು

ಕೆಲವು ವರ್ಷಗಳ ಹಿಂದೆ ನಾನು ಬೈಲಹೊಂಗಲದ ಒಂದು ಸಣ್ಣ ಸಾಫ್ಟ್‌ವೇರ್ ಕಚೇರಿಯಲ್ಲಿ ಹಿರಿಯ ಡೆವಲಪರ್ ಆಗಿದ್ದೆ. ಎಐ ಕೋಡ್ ಬರೆದುಕೊಡುವ ಸೌಲಭ್ಯ ಆಗಷ್ಟೇ ನಮ್ಮ ಕಡೆ ರೂಢಿಗೆ ಬರುತ್ತಿತ್ತು. ಅದಕ್ಕೂ ಮೊದಲು ಹುಬ್ಬಳ್ಳಿಯಲ್ಲಿ ಬಹಳ ಕಾಲ ಆಸ್ಪತ್ರೆಗಳ ತಂತ್ರಾಂಶದ ಮೇಲೆ ಕೆಲಸ ಮಾಡಿದ್ದೆ. ನಮ್ಮ ತಂದೆ ತೊರಗಲ್ಲಿನಲ್ಲಿ ಪೂಜೆ, ಪಂಚಾಂಗ ನೋಡಿಕೊಂಡಿದ್ದವರು. ಮಗಳ ಉದ್ಯೋಗವೇನೆಂದು ಯಾರಾದರೂ ಕೇಳಿದರೆ, "ಎಲ್ಲಿ ತಪ್ಪ್ಯದ ಅಂತ ಹುಡಕ್ತಾಳ" ಎನ್ನುತ್ತಿದ್ದರು. ನನ್ನ ಕೆಲಸವನ್ನು ಅದಕ್ಕಿಂತ ಚೆನ್ನಾಗಿ ಯಾರೂ ವಿವರಿಸಿಲ್ಲ.

ನಮ್ಮ ಕಚೇರಿ ಮಾಡುತ್ತಿದ್ದುದು ವಧು-ವರರನ್ನು ಹೊಂದಿಸುವ ಆ್ಯಪ್. ಕಿತ್ತೂರು, ಸವದತ್ತಿ, ರಾಮದುರ್ಗ, ಬೈಲಹೊಂಗಲದ ಸುತ್ತಿನ ಮನೆತನಗಳೇ ಹೆಚ್ಚಾಗಿ ಅದನ್ನು ಬಳಸುತ್ತಿದ್ದವು. ಮಾಲೀಕರು ಪ್ರಭು ಸರ್. ಅವರ ತಂದೆ ಸವದತ್ತಿಯಲ್ಲಿ ಸ್ವತಃ ಮನೆಮನೆಗೆ ಓಡಾಡಿ ಸಂಬಂಧ ಕೂಡಿಸುತ್ತಿದ್ದವರು. ಗಂಡಿನ ಕಡೆಯವರು "ಹುಡುಗಿ ಭಾಳ ಕರ್ರಗ ಅದಾಳ" ಎಂದರೆ, ಹೆಣ್ಣಿನ ಮನೆಗೆ ಹೋಗಿ "ಯೋಗ ಕೂಡಿ ಬರ್ಲಿಲ್ಲ ಬಿಡ್ರಿ" ಎಂದು ಚಹಾ ಕುಡಿದು ಬರುತ್ತಿದ್ದರಂತೆ. ಮಗನಿಗೆ ಇದು ದಂಧೆಗೆ ತಕ್ಕದ್ದಲ್ಲ ಅನ್ನಿಸಿತ್ತು.

"ಯಾಕ ಬ್ಯಾಡಂದ್ರು ಅಂತ ಮಂದಿ ದಿನಾ ಫೋನ್ ಮಾಡಿ ತಲಿ ತಿಂತಾರ. ಆ್ಯಪೇ ಹೇಳಿಬಿಡ್ಲಿ" ಎಂದು ಅವರು ಒಂದು ಬೆಳಿಗ್ಗೆ ಮೀಟಿಂಗಿನಲ್ಲಿ ಹೇಳಿದರು. ಆ್ಯಪಿನಲ್ಲಿ ಎರಡೇ ಗುಂಡಿಗಳಿದ್ದವು: 'ಮುಂದುವರಿಯಲಿ' ಮತ್ತು 'ಬೇಡ'. 'ಬೇಡ' ಎಂದವರು ಕಾರಣವನ್ನು ಮಾತಿನಲ್ಲಿ ಹೇಳಿ ಕಳಿಸಬಹುದಿತ್ತು. ಅದನ್ನು ಎಐ ಅಕ್ಷರಕ್ಕಿಳಿಸಿ, ಚೊಕ್ಕ ಕನ್ನಡದಲ್ಲಿ ಸಂಕ್ಷೇಪಿಸಿ, ಬೇಡವೆನಿಸಿಕೊಂಡವರ ಮೊಬೈಲಿಗೆ ಮುಟ್ಟಿಸಬೇಕು ಎಂಬುದು ಅವರ ಯೋಜನೆ.

ಮಂದಿ ಮರೆಯಲ್ಲಿ ಆಡಿದ ಮಾತನ್ನು ಹಾಗೆ ಮುಖಕ್ಕೆ ಎಸೆಯಬಾರದು ಎಂದು ನಾನು ವಾದಿಸಿದೆ. ಪ್ರಭು ಸರ್ ನಕ್ಕರು. "ಪದ್ಮಾ ಮೇಡಂ, ನೀವು ಸರ್ವರ್ ನೋಡ್ಕೊಳ್ರಿ. ಇದನ್ನ ವಿನಾಯಕ ಮಾಡ್ತಾನ." ಅಲ್ಲಿಗೆ ಆ ಕೆಲಸದಿಂದ ನನ್ನನ್ನು ದೂರವಿಟ್ಟಂತಾಯಿತು.

ವಿನಾಯಕ ನಮ್ಮಲ್ಲಿ ಎಲ್ಲರಿಗಿಂತ ಚುರುಕಿನ ಹುಡುಗ. ನಾವು ವಾರಗಟ್ಟಲೆ ಮಾಡುವುದನ್ನು ಎಐಗೆ ಹೇಳಿ ಒಂದೇ ಮಧ್ಯಾಹ್ನ ಬರೆಸಿ ಮುಗಿಸುತ್ತಿದ್ದ. ಮೊದಲು ನಮ್ಮಲ್ಲಿ ಕೋಡ್ ರಿವ್ಯೂ ಎಂಬ ಪದ್ಧತಿ ಇತ್ತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಸಾಲು ಸಾಲಾಗಿ ಓದಿ ಒಪ್ಪಿದ ಮೇಲೆಯೇ ಅದು ಜನರ ಕೈಗೆ ಹೋಗಬೇಕು. ಎಐ ಬಂದ ಮೇಲೆ ಪ್ರಭು ಸರ್ ಅದನ್ನು ನಿಲ್ಲಿಸಿದ್ದರು. ಬರೆಯಲು ಹಿಡಿಯುವ ಹೊತ್ತಿಗಿಂತ ಓದಲು ಹಿಡಿಯುವ ಹೊತ್ತೇ ಹೆಚ್ಚಾಗುತ್ತದೆ ಎಂಬುದು ಅವರ ತಕರಾರು. ಕೋಡ್ ಸರಿಯಿದೆಯೇ ಎಂದು ನೋಡುವ ಪರೀಕ್ಷೆಗಳನ್ನೂ ಅದೇ ಎಐ ಬರೆಯುತ್ತಿತ್ತು. ತಾನೇ ಪ್ರಶ್ನೆ ಕೇಳಿ ತಾನೇ ಉತ್ತರ ಕೊಟ್ಟರೆ ಯಾರು ನಪಾಸಾಗುತ್ತಾರೆ? ವಿನಾಯಕನ ಕೋಡ್ ಪ್ರತಿ ಸಲವೂ ಪಾಸಾಗುತ್ತಿತ್ತು.

ಹೊಸ ಸೌಲಭ್ಯ ಶುರುವಾದ ಮೇಲೆ ಫೋನುಗಳು ಕಡಿಮೆಯಾದವು. ಜನ ಆ್ಯಪ್ ತೆರೆಯುವುದು ಹೆಚ್ಚಾಯಿತು. ತಮ್ಮ ಬಗ್ಗೆ ಯಾರು ಏನಂದರು ಎಂದು ಮತ್ತೆ ಮತ್ತೆ ನೋಡುತ್ತಿದ್ದರು. ಪ್ರಭು ಸರ್ ಪೇಢೆ ತರಿಸಿ ಹಂಚಿದರು.

ಹೀಗಿರುವಾಗ ಒಂದು ದಿನ ಮಹಾದೇವಿ ಎಂಬ ಹೆಣ್ಣುಮಗಳು ಕಚೇರಿಗೆ ಬಂದಳು. ಯರಗಟ್ಟಿಯ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಎರಡೂ ಕೈಗಳ ಮೇಲೆ, ಕುತ್ತಿಗೆಯ ಬದಿಗೆ ಬಿಳಿಯ ಕಲೆಗಳಿದ್ದವು. ಅವಳು ಅವನ್ನು ಮುಚ್ಚಿಕೊಂಡಿರಲಿಲ್ಲ. ಆ್ಯಪಿಗೆ ಹಾಕಿದ ಫೋಟೋದಲ್ಲಿಯೂ ಮುಚ್ಚಿರಲಿಲ್ಲ. ಕುರ್ಚಿ ಕೊಟ್ಟರೂ ಕೂರದೆ ಮೊಬೈಲನ್ನು ನನ್ನ ಕೈಗೆ ಕೊಟ್ಟು, "ಓದ್ರಿ" ಎಂದಳು.

ಕಿತ್ತೂರಿನ ಹತ್ತಿರದ ಹಳ್ಳಿಯ ಈರಣ್ಣ ಎಂಬ ವರನ ಮನೆಯಿಂದ ಬಂದ 'ಬೇಡ' ಅದು. ಕೆಳಗೆ ಕಾರಣ ಇತ್ತು: "ವಧುವಿನ ಚರ್ಮದ ಕಲೆಗಳು ಮುಂದಿನ ಪೀಳಿಗೆಗೂ ಬರಬಹುದೆಂಬ ಆತಂಕವಿದೆ. ಶುಭಕಾರ್ಯಗಳಲ್ಲಿ ಅವರನ್ನು ಮುಂದೆ ನಿಲ್ಲಿಸಲು ಕುಟುಂಬಕ್ಕೆ ಸಂಕೋಚವಿದೆ."

ಎಷ್ಟು ಸಭ್ಯವಾದ ಭಾಷೆ! ಒಂದು ಕಾಗುಣಿತದ ತಪ್ಪೂ ಇರಲಿಲ್ಲ.

"ಈರಣ್ಣ ನಮ್ಮ ಮನಿಗಿ ಬಂದು ನನ್ನ ಕೂಡ ಮಾತಾಡಿ ಹೋಗಿದ್ದಾರ್ರೀ. ನಾ ಆಗ ಕೇಳೇನಿ, ಈ ಕಲಿ ನಿಮಗ ನಡೀತಾವೇನು ಅಂತ. ಕಲಿ ಜೋಡಿ ಸಂಸಾರ ಮಾಡೂದಿಲ್ರಿ, ನಿಮ್ಮ ಜೋಡಿ ಮಾಡ್ತೇನಿ ಅಂದಿದ್ರು. ಅವರವ್ವ ನನಗ ಉಡಿ ತುಂಬಿ ಹೋಗಿದ್ರು. ಹಂತಾವ್ರು ಹಿಂಗ ಅಂದಾರಂದ್ರ..." ಬೆರಳಿನಿಂದ ಪರದೆಯ ಮೇಲಿನ ಆ ಸಾಲು ತೋರಿಸಿದಳು. "ನನಗ ಸಿಟ್ಟು ತಡೀಲಿಲ್ರಿ. ಅವರವ್ವಗ ಫೋನ್ ಮಾಡಿ, ನಿಮ್ಮ ಮನ್ಯಾಗಿನ ಹೆಣಾ ಎತ್ತಲಿ ಅಂದ್ನಿ. ಆ ಕಡಿಂದ ಯಾರೋ ಅಳೂದು ಕೇಳಿಸ್ತು. ಫೋನ್ ಕಟ್ ಆತು."

ಒಳಗಿನಿಂದ ಪ್ರಭು ಸರ್ ಎದ್ದು ಬಂದರು. ಮೊಬೈಲ್ ನೋಡಿದರು, ಅವಳ ಕೈ ನೋಡಿದರು. "ಬರೆದದ್ದು ಸುಳ್ಳೇನ್ರಿ ಅಕ್ಕೋರ? ಕಲಿ ಅದಾವಲ್ಲ? ಮಷೀನ್ ಯಾರ ಪರಾನೂ ಮಾತಾಡೂದಿಲ್ಲ" ಎಂದರು. ಕಚೇರಿಯಲ್ಲಿ ಯಾರೋ ಕಿಸಕ್ಕೆಂದರು. ಮಹಾದೇವಿ ಮೊಬೈಲ್ ತೆಗೆದುಕೊಂಡು ಮೆಟ್ಟಿಲಿಳಿದು ಹೋದಳು.

ಒಬ್ಬ ಮನುಷ್ಯ ಮನೆಗೆ ಬಂದು ಹಾಗೆ ಮಾತಾಡಿ ಹೋಗಿ, ಹೀಗೆ ಕಾರಣ ಹೇಳಿ ಕಳಿಸುವುದು ನನಗೆ ಹೊಂದಿಕೆಯಾಗಲಿಲ್ಲ. ಸರ್ವರ್ ನನ್ನ ಕೈಯಲ್ಲೇ ಇತ್ತು. ಆ್ಯಪಿನಲ್ಲಿ ಯಾರು ಏನು ಒತ್ತಿದರು, ಏನು ಕಳಿಸಿದರು ಎಂಬುದೆಲ್ಲ ಅದರ ಲಾಗ್‌ನಲ್ಲಿ ದಾಖಲಾಗುತ್ತದೆ. ಈರಣ್ಣನ ಕಡೆಯಿಂದ 'ಬೇಡ' ಎಂಬುದೊಂದೇ ಬಂದಿತ್ತು. ಕಾರಣದ ಜಾಗ ಖಾಲಿ ಇತ್ತು. ಅವರು ಒಂದು ಮಾತೂ ಆಡಿರಲಿಲ್ಲ.

ಕೋಡ್ ತೆಗೆದು ಓದಿದೆ. ಕಾರಣ ಖಾಲಿ ಇದ್ದರೆ, ವಧು ಅಥವಾ ವರನ ಫೋಟೋ ಮತ್ತು ವಿವರ ನೋಡಿ, ಇಂಥವರನ್ನು ಉಳಿದವರು ಏಕೆ ನಿರಾಕರಿಸಿದ್ದಾರೆ ಎಂಬುದನ್ನೂ ನೋಡಿ, 'ಸಂಭವನೀಯ ಕಾರಣ' ಬರೆಯುವಂತೆ ಎಐಗೆ ಅಪ್ಪಣೆ ಇತ್ತು. ಸಂಭವನೀಯ ಎಂಬ ಪದ ಮಾತ್ರ ಪರದೆಯ ಮೇಲೆ ಬರುತ್ತಿರಲಿಲ್ಲ.

ವಿನಾಯಕನನ್ನು ಕರೆದು ತೋರಿಸಿದೆ. "ನಾ ಇದನ್ನ ಬರದಿಲ್ರಿ ಮೇಡಂ. ಕಾರಣದ ಬಾಕ್ಸ್ ಖಾಲಿ ಕಾಣಬಾರದು, ಪೇಜ್ ಚಂದ ಕಾಣೂದಿಲ್ಲ ಅಂತ ಅಷ್ಟ ಎಐಗೆ ಹೇಳಿದ್ನಿ. ಉಳಿದದ್ದು ಅದ ಮಾಡೇತಿ."

"ಓದಿದ್ದಿಯೇನು?"

"ಪಾಸ್ ಆಗಿತ್ತಲ್ರಿ."

ಮರುದಿನ ಬೆಳಗಿನ ಮೀಟಿಂಗಿನಲ್ಲಿ ಇದನ್ನು ಎಲ್ಲರ ಮುಂದೆ ಇಟ್ಟೆ. ಪರದೆಯ ವಿನ್ಯಾಸ ಮಾಡಿದವರು, ಖಾಲಿ ಬಿಡಬೇಡಿ ಎಂದದ್ದು ಪ್ರಭು ಸರ್ ಎಂದರು. ಕಾರಣ ಹುಟ್ಟಿಸಿ ಬರೆಯಿರಿ ಎಂದು ತಾನೇನೂ ಹೇಳಿರಲಿಲ್ಲ ಎಂದರು ಪ್ರಭು ಸರ್. ವಿನಾಯಕ ಎಐ ಕಡೆ ಬೆರಳು ಮಾಡಿದ. ಉಳಿದವರು ತಮ್ಮ ಲ್ಯಾಪ್‌ಟಾಪ್ ನೋಡುತ್ತ ಕುಳಿತರು. ಆ ಎರಡು ವಾಕ್ಯಗಳಿಗೆ ಆ ಕೋಣೆಯಲ್ಲಿ ಅಪ್ಪ-ಅವ್ವ ಯಾರೂ ಇರಲಿಲ್ಲ.

"ಆ ಹುಡುಗಿಗೆ ತಿಳಿಸಬೇಕ್ರಿ ಸರ್" ಎಂದೆ.

"ಆಕಿಗೊಬ್ಬಾಕಿಗೆ ಹೇಳಿದ್ರ ನಾಳೆ ಊರ ತುಂಬ ಎಲ್ಲಾರೂ ಕೇಳ್ತಾರ, ನಂದು ಖರೇನೋ ಸುಳ್ಳೋ ಅಂತ. ಅಂಗಡಿ ಮುಚ್ಚಬೇಕಾಕೈತಿ. ಯಾರೂ ಬಾಯಿ ಬಿಡಬ್ಯಾಡ್ರಿ."

ನಾನು ಬಾಯಿ ಬಿಟ್ಟೆ. ಮೊದಲು ಹೋದದ್ದು ಈರಣ್ಣನ ಊರಿಗೆ. ಅವನದು ಟ್ರ್ಯಾಕ್ಟರ್ ರಿಪೇರಿ ಅಂಗಡಿ. ಮನೆ ಅದರ ಹಿಂದೆಯೇ. ಅಂಗಡಿ ಮುಚ್ಚಿತ್ತು. ಮನೆಯ ಪಡಸಾಲೆಯಲ್ಲಿ ಒಂದು ಮುದುಕಿಯ ಫೋಟೋಕ್ಕೆ ಹಾರ ಹಾಕಿದ್ದರು. ಈರಣ್ಣನ ಅಜ್ಜಿ ತೀರಿಕೊಂಡಿದ್ದಳು. ಸಾವಿನ ಮನೆಯಲ್ಲಿ ಮದುವೆಯ ಮಾತು ಸದ್ಯಕ್ಕೆ ಬೇಡ, ಆಮೇಲೆ ತಾನೇ ಯರಗಟ್ಟಿಗೆ ಹೋಗಿ ಹೇಳಿದರಾಯಿತು ಎಂದು ಅವನು 'ಬೇಡ' ಒತ್ತಿದ್ದ. 'ಸ್ವಲ್ಪ ತಡೆಯಿರಿ' ಎಂಬ ಗುಂಡಿಯನ್ನು ನಾವು ಮಾಡಿಯೇ ಇರಲಿಲ್ಲ. ಮಹಾದೇವಿಯ ಫೋನ್ ಬಂದಾಗ ಅಜ್ಜಿಯ ಹೆಣ ಇನ್ನೂ ಪಡಸಾಲೆಯಲ್ಲಿತ್ತು.

ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಈರಣ್ಣ ಗೋಡೆಗೆ ಒರಗಿ ನಿಂತಿದ್ದವನು ನೆಲಕ್ಕೆ ಕುಳಿತುಬಿಟ್ಟ. "ನಾ ಹಂಗ ಅಂದಿಲ್ಲವ್ವಾ. ಆಕೀದೂ ತಪ್ಪಿಲ್ಲ" ಎಂದು ತಾಯಿಯ ಕಡೆ ನೋಡಿದ.

ತಾಯಿ ನೀಲವ್ವ ನನಗೆ ನೀರು ಕೊಟ್ಟಳು. ದನಿ ಎತ್ತಲಿಲ್ಲ. "ಆಕಿಗಿ ಅಂದದ್ದು ಮಷೀನ್ ಅಂತೀರಿ. ಖರೇ ಇರಬೇಕು. ನಮ್ಮತ್ತಿ ಹೆಣದ ಮುಂದ ಕುಂತಾಗ ನನ್ನ ಕಿವ್ಯಾಗ ಬಿದ್ದದ್ದು ಮಷೀನ್ ಮಾತಲ್ರಿ. ಅದ ಬಾಯಿಲೆ ಆಕಿ ನನಗ ಅತ್ತಿ ಅನಬೇಕೇನು? ನನ್ನ ಜೀವ ಇರೂತನಕ ಈ ಹೊಸ್ತಲಾ ತುಳಿಯೂದು ಬ್ಯಾಡ."

ಮಗ ತಾಯಿಯ ಎದುರು ನಿಲ್ಲಬಹುದೆಂದು ನನಗೆ ಆಸೆಯಿತ್ತು. ನಿಲ್ಲಲಿಲ್ಲ.

ಅಲ್ಲಿಂದ ಯರಗಟ್ಟಿಗೆ ಹೋದೆ. ಮಹಾದೇವಿ ಶಾಲೆ ಬಿಟ್ಟು ಬಂದು ಮನೆಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ಆ ಮಾತನ್ನು ಯಾರೂ ಅಂದಿಲ್ಲ ಎಂದರೆ ಅವಳಿಗೆ ಸಮಾಧಾನವಾದೀತು ಎಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಕೊನೆಯವರೆಗೆ ಕೇಳಿದಳು. ಅಜ್ಜಿಯ ಸಾವಿನ ಸಂಗತಿ ಬಂದಾಗ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು.

"ಯಾರೂ ಅಂದಿಲ್ಲಂದ್ರ, ನನಗ ಅಂದವ್ರು ಯಾರ್ರೀ?"

ತಿದ್ದುತ್ತಿದ್ದ ಪತ್ರಿಕೆಗಳನ್ನು ಬದಿಗೆ ಸರಿಸಿದಳು.

"ಮನಷ್ಯಾ ಅಂದಿದ್ರ ಬೈದು ಹಗುರಾಗ್ತಿದ್ನಿ. ಬೈದೆ ಖರೆ, ಆದ್ರ ಏನೂ ಅನ್ನದವ್ರಿಗೆ ಬೈದೆ. ಈಗ ಆ ಮಾತು ನನ್ನ ತಲ್ಯಾಗ ಕುಂತೈತಿ. ಸುಳ್ಳಂತ ಗೊತ್ತಾದ್ರ ಹೋಗತೈತೇನ್ರಿ ಅದು?" ಎದ್ದು ಬಾಗಿಲ ಹತ್ತಿರ ನಿಂತಳು. "ನೀವ್ಯಾಕ ಹೇಳಾಕ ಬಂದ್ರಿ? ಅವರೇ ಕೆಟ್ಟವ್ರು ಅಂದ್ಕೊಂಡು ಹೆಂಗೋ ಇರ್ತಿದ್ನಿ."

ನಾನು ಚಪ್ಪಲಿ ಮೆಟ್ಟಿ ಹೊರಗೆ ಬಂದೆ.

ಸುದ್ದಿ ನನಗಿಂತ ಮೊದಲೇ ಬೈಲಹೊಂಗಲ ಮುಟ್ಟಿತ್ತು. ಮರುದಿನ ಕಚೇರಿಗೆ ಹೋಗಿ ಕೆಲಸಕ್ಕೆ ಕೂತವಳ ಪರದೆ ಇದ್ದಕ್ಕಿದ್ದಂತೆ ಲಾಕ್ ಆಯಿತು. ಪಾಸ್‌ವರ್ಡ್ ನಡೆಯಲಿಲ್ಲ. ನನ್ನ ಪ್ರವೇಶ ರದ್ದು ಮಾಡಿದ್ದು ವಿನಾಯಕ. ಮೂರು ಮೇಜಿನ ಆಚೆ ಕುಳಿತು, ತಲೆ ಎತ್ತದೆ. ಟೀಮಿನ ವಾಟ್ಸಾಪ್ ಗುಂಪಿನಿಂದಲೂ ನನ್ನನ್ನು ತೆಗೆದರು. ನಾನು ಚೀಲ ತುಂಬಿಕೊಳ್ಳುವಾಗ ಯಾರೂ ಕುರ್ಚಿ ಬಿಟ್ಟು ಏಳಲಿಲ್ಲ. ಅವರಲ್ಲಿ ಇಬ್ಬರಿಗೆ ಕೆಲಸ ಕಲಿಸಿದವಳು ನಾನೇ.

ಪ್ರಭು ಸರ್ ಆ ಸೌಲಭ್ಯವನ್ನು ತೆಗೆಯಲಿಲ್ಲ. ಕಾರಣದ ಕೆಳಗೆ ಕಣ್ಣಿಗೆ ಬೀಳದಷ್ಟು ಸಣ್ಣ ಅಕ್ಷರದಲ್ಲಿ 'ಇದು ಅಂದಾಜು' ಎಂದು ಸೇರಿಸಿದರು. ವಿನಾಯಕ ಟೀಮ್ ಲೀಡ್ ಆದ. ಈರಣ್ಣನ ಮದುವೆ ಬೇರೆ ಕಡೆ ಆಯಿತು. ಆ ಹುಡುಗಿಯೂ ಅದೇ ಆ್ಯಪಿನಲ್ಲಿ ಸಿಕ್ಕವಳು ಎಂದು ಕೇಳಿದೆ. ಮಹಾದೇವಿಯನ್ನು ಆಮೇಲೆ ಒಮ್ಮೆ ಯರಗಟ್ಟಿಯ ಬಸ್ ನಿಲ್ದಾಣದಲ್ಲಿ ನೋಡಿದೆ. ಬಿಸಿಲು ಸುಡುತ್ತಿತ್ತು. ಅವಳು ಮಣಿಕಟ್ಟಿನವರೆಗೆ ತೋಳಿದ್ದ ಕುಪ್ಪಸ ತೊಟ್ಟು, ಕುತ್ತಿಗೆಗೆ ಸೆರಗು ಸುತ್ತಿದ್ದಳು. ನನ್ನ ಗುರುತು ಹಿಡಿದು ಬೇರೆ ಕಡೆ ಮುಖ ತಿರುಗಿಸಿದಳು.

ಈಗ ನಾನು ರಾಮದುರ್ಗದಲ್ಲಿ ಒಂದು ಸಣ್ಣ ತಂಡದ ಜೊತೆಗಿದ್ದೇನೆ. ನಮ್ಮ ತಂತ್ರಾಂಶ ರೋಗಿಗಳ ಮೊಬೈಲಿಗೆ ಆಸ್ಪತ್ರೆಯ ಸಂದೇಶ ಕಳಿಸುತ್ತದೆ. ಎಐಯನ್ನು ನಾನು ಇಂದಿಗೂ ಬಳಸುತ್ತೇನೆ. ನನಗಿಂತ ಬೇಗ ಬರೆಯುತ್ತದೆ, ಎಷ್ಟೋ ಸಲ ನನಗಿಂತ ಚೆನ್ನಾಗಿಯೂ ಬರೆಯುತ್ತದೆ. ಆದರೆ ನಾಚಿಕೆ ಅದಕ್ಕಿಲ್ಲ. ಅದನ್ನು ನಾವೇ ಪಡಬೇಕು, ಅದೂ ಮಾತು ಹೊರಗೆ ಹೋಗುವ ಮೊದಲೇ. ಕೆಲಸವನ್ನು ತಂಡದಲ್ಲಿ ಎಷ್ಟು ಜನ ಬೇಕಾದರೂ ಹಂಚಿಕೊಳ್ಳಬಹುದು. ಹೊಣೆಯನ್ನು ಹಾಗೆ ಹಂಚಲು ಹೋದರೆ ಕೊನೆಗೆ ಯಾರ ಪಾಲಿಗೂ ಏನೂ ಬರುವುದಿಲ್ಲ.

ಆದ್ದರಿಂದ ಇಲ್ಲಿ ಯಾವ ಸಂದೇಶವಾದರೂ ಹೊರಗೆ ಹೋಗುವ ಮೊದಲು ಅದನ್ನು ಮಾಡಿದವರು ಎದ್ದು ನಿಂತು, ಇನ್ನೊಬ್ಬರನ್ನು ಎದುರಿಗೆ ಕೂರಿಸಿಕೊಂಡು, ಅವರ ಮುಖ ನೋಡುತ್ತ ಗಟ್ಟಿಯಾಗಿ ಓದಬೇಕು. ಹೊಸದಾಗಿ ಸೇರಿದವರು ಮೊದಮೊದಲು ನಗುತ್ತಾರೆ. ಒಂದಲ್ಲ ಒಂದು ದಿನ ಓದುತ್ತ ಓದುತ್ತ ಅವರ ದನಿ ತಡವರಿಸುತ್ತದೆ. ಆ ವಾಕ್ಯವನ್ನು ನಾವು ಅಲ್ಲಿಯೇ ಅಳಿಸುತ್ತೇವೆ.