ವಿಳಾಸ ಸಿಕ್ಕ ಹಟ್ಟಿ

ಮೊನ್ನೆ ಊಟಿಯ ನೆಂಟರು ವರ್ಕಿ ಬಿಸ್ಕತ್ತು ತಂದಿದ್ದರು. ಪೊಟ್ಟಣ ಬಿಚ್ಚಿದ್ದೇ ತಡ, ಆ ಬೇಕರಿ ವಾಸನೆಗೆ ಕಂಪ್ಯೂಟರ್ ಅಕ್ಕ ನೆನಪಾದಳು...

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾಗಿತ್ತು. ಊಟಿಯ ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ ಅಕ್ಕ ನನಗೆ ವೆಬ್‌ಸೈಟ್ ಮಾಡಲು ಕಲಿಸುತ್ತಿದ್ದಳು. ದಿನಾ ತನ್ನ ಹಟ್ಟಿಯ ಕಡೆಯ ಸೋಲೂರು ಬಸ್ಸಿನಲ್ಲಿ ಬರುತ್ತಿದ್ದಳು. ಬೆಟ್ಟದ ಹಟ್ಟಿಗಳಿಗೆಲ್ಲ, ಅಂದರೆ ನಮ್ಮ ಜನರ ಹಳ್ಳಿಗಳಿಗೆಲ್ಲ, ಒಂದೊಂದು ಪುಟ ಮಾಡುವುದು ನಮ್ಮ ಕೆಲಸ. ಪುಟದ ವಿಳಾಸವನ್ನು ನಾನು ಕೈಯಾರೆ ಟೈಪ್ ಮಾಡಹೊರಟರೆ ತಡೆಯುತ್ತಿದ್ದಳು.

"ಅಯ್ಯೋ ಪೆದ್ದಿ, ಹಟ್ಟಿಯ ಆಬ್ಜೆಕ್ಟನ್ನೇ ಕೊಡು, ಅಂದ್ರೆ ಅದರ ಇಡೀ ದಾಖಲೆನ. ವಿಳಾಸವನ್ನ ಫ್ರೇಮ್‌ವರ್ಕ್ ಅನ್ನೋ ಈ ಪ್ರೋಗ್ರಾಮೇ ಕಟ್ಟುತ್ತೆ."

ಕೊಟ್ಟರೆ ನಿಜವಾಗಿಯೂ ಕಟ್ಟುತ್ತಿತ್ತು! ಅದಕ್ಕೆ ಹೇಗೆ ಗೊತ್ತಾಗುತ್ತೆ ಅಂತ ಅವಳ ಜೀವ ತಿಂದೆ.

"ನಮ್ಮವರು ಯಾರೇ ಸಿಕ್ಕಿದರೂ ಮೊದಲು ಯಾವ ಹಟ್ಟಿ ಅಂತ ಕೇಳಲ್ವಾ? ಇದೂ ನೀನು ಯಾರು, ನಿನ್ನ ನಂಬರೇನು ಅಂತ ಆಬ್ಜೆಕ್ಟನ್ನೇ ಕೇಳುತ್ತೆ," ಅಂದಳು.

ಯಾವ ಹಟ್ಟಿ ಅನ್ನುವ ಪ್ರಶ್ನೆಗೆ ಅಕ್ಕನ ಅವ್ವೆ ಜೀವನವಿಡೀ ಪಕ್ಕದ ದೊಡ್ಡ ಹಟ್ಟಿಯ ಹೆಸರು ಹೇಳಿದವರು. ಅವರದು ನಾಲ್ಕೈದು ಮನೆಯ ಹಟ್ಟಿ, ಹೇಳಿದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಅದಕ್ಕೂ ಒಂದು ಪುಟ ಮಾಡಿ ಅವ್ವೆಗೆ ತೋರಿಸಲೇಬೇಕೆಂದು ಅಕ್ಕ ಹಠ ಹಿಡಿದಿದ್ದಳು.

ಒಂದು ದಿನ ಅವ್ವೆ ನಮ್ಮ ಹಿರಿಯ ಹೆಂಗಸರ ರೂಢಿಯಂತೆ ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಬಂದೇಬಿಟ್ಟರು. ಅಕ್ಕ ಅವರೆದುರೇ ಹಟ್ಟಿಯ ಹೆಸರು ಟೈಪ್ ಮಾಡಿ ಲಿಂಕ್ ಒತ್ತಿದಳು. ಬಂದದ್ದು ಎಲ್ಲ ಹಟ್ಟಿಗಳ ಪಟ್ಟಿ. ಅದರಲ್ಲಿ ಅವರದೊಂದೇ ಇಲ್ಲ.

"ಎಂಗ ಹಟ್ಟಿ ಎಲ್ಲಿ?" ಅವ್ವೆಯ ಮುಖ ಸಣ್ಣದಾಯಿತು.

ಮತ್ತೆ ಒತ್ತಿದಳು. ಮತ್ತದೇ ಪಟ್ಟಿ. ಅಷ್ಟರಲ್ಲಿ ಅಕ್ಕ ಹಣೆ ಚಚ್ಚಿಕೊಂಡಳು.

"ಸೇವ್ ಮಾಡೇ ಇಲ್ಲ ಕಣೇ! ಸೇವ್ ಆಗದೆ ನಂಬರ್ ಬರಲ್ಲ. ನಂಬರಿಲ್ಲದ್ದಕ್ಕೆ ಸ್ವಂತ ವಿಳಾಸ ಎಲ್ಲಿಂದ? ಪಾಪ, ಎಲ್ಲರ ಪಟ್ಟಿಗೆ ಕಳಿಸಿಬಿಟ್ಟಿದೆ."

ಸೇವ್ ಮಾಡಿದಳು. ಪುಟ ತೆರೆಯಿತು. ಅವ್ವೆಗೆ ಓದಲು ಬಾರದು. ಹೆಸರು ಯಾವುದು ಅಂತ ಕೇಳಿ ಅದರ ಮೇಲೆ ಬೆರಳಿಟ್ಟರು. ಹಿಂತಿರುಗುವಾಗ ಬಸ್ಸಿನಲ್ಲಿ ಯಾರೋ ಯಾವ ಹಟ್ಟಿ ಅಂದರಂತೆ. ಅವ್ವೆ ಮೊದಲ ಸಲ ತಮ್ಮದನ್ನೇ ಹೇಳಿದರಂತೆ. ಮರುದಿನ ಇದನ್ನು ಹೇಳುತ್ತ ಅಕ್ಕ ಅತ್ತೇಬಿಟ್ಟಳು.

ಕೆಲವು ವರ್ಷಕ್ಕೆ ಅವ್ವೆ ತೀರಿಹೋದರು, ಆಮೇಲೆ ಅಕ್ಕನೂ... ಮೊನ್ನೆ ವರ್ಕಿ ತಿಂದ ಕೈ ಒರೆಸಿಕೊಂಡು, ಕುತೂಹಲಕ್ಕೆ ಆ ಪುಟದ ಹಳೇ ವಿಳಾಸ ಒತ್ತಿ ನೋಡಿದೆ. ಪುಟ ಸಿಗಲಿಲ್ಲ ಅಂತ ಬಂತು.

"ಏನು ಹುಡುಕ್ತಿದ್ದೀಯ?" ನೆಂಟರಲ್ಲೊಬ್ಬಳು ಬಗ್ಗಿ ನೋಡಿದಳು.

"ಒಂದು ಹಟ್ಟಿ."

"ಯಾವ ಹಟ್ಟಿ?"

ಹೆಸರು ಹೇಳಿದೆ.

"ಕೇಳೇ ಇಲ್ವಲ್ಲ," ಅಂದಳು. ನನ್ನ ಕಣ್ಣು ತುಂಬಿ ಬಂತು.