ಮಂಗಲ ಕಾರ್ಯಾಲಯದಾಗ ಬಂದ ನಿದ್ದಿ

ಇದ್ದದ್ದನ್ನ ಇದ್ದಂಗ ಹೇಳಿಬಿಡತೇನಿ. ಹಾಡು ಕೇಳಾಕ ಹೋಗಿ ನಾನು ಮಲಗಿಬಿಟ್ಟೆ. ಮೊಮ್ಮಗಳು ಮಂದಿ ಮುಂದ ಬ್ಯಾರೆ ಹೇಳತಾಳ, ನಮ್ಮ ಆಯಿಗೆ ಸೆಕಿ ಆಗಿ ತಲಿ ಸುತ್ತು ಬಂದಿತ್ತು ಅಂತ. ಸೆಕಿಯೂ ಆಗಿರಲಿಲ್ಲ, ತಲಿಯೂ ಸುತ್ತಿರಲಿಲ್ಲ. ಬಾಯಿ ತಗದು, ಕುರ್ಚಿ ಮ್ಯಾಲೆ ಗೊರಕಿ ಹೊಡದೇನಿ. ಅಷ್ಟ ಆದದ್ದು.

ನಾವು ಬೆಟಗೇರಿಯ ನೇಕಾರ ಮಂದಿ. ಮನಿ ಹಿಂದಿನ ಶೆಡ್ಡಿನಾಗ ಕರೆಂಟಿನ ಮಗ್ಗ ಇದ್ದುವು. ಅವುಗಳ ಸಪ್ಪಳದಾಗ ಉಂಡೇನಿ, ಬೈದೇನಿ, ಅತ್ತೇನಿ. ಮಕ್ಕಳ ತೊಟ್ಟಿಲಾನೂ ಶೆಡ್ಡಿನ ತೊಲಿಗೆ ಕಟ್ಟಿದ್ದೆ. ಮಗ್ಗ ನಡದರ ಕೂಸು ಮಲಗತಿತ್ತು, ಕರೆಂಟ್ ಹೋದರ ಎದ್ದು ಚೀರತಿತ್ತು. ನಮ್ಮ ಓಣ್ಯಾಗ ಎಲ್ಲಾರ ಮನ್ಯಾಗೂ ಹಂಗ.

ಹೋದ ವರ್ಷ ಮಗ ಮಗ್ಗ ಮಾರಿ ಟಂಟಂ ಆಟೋ ತಗೊಂಡ. ಅವಂದೇನೂ ತಪ್ಪಿಲ್ಲ. ನಡಾ ಹೋಗಿತ್ತು, ನಿಂತು ಮಾಡೋ ಕೆಲಸ ಆಗತಿರಲಿಲ್ಲ. ಆದರ ಮಗ್ಗ ಹೋದ ದಿನದಿಂದ ನನ್ನ ನಿದ್ದೀನೂ ಹೋತು. ಯಾವ ಮಗ್ಗಲಿಗೆ ಹೊಳ್ಳಿದರೂ ಗಡಿಯಾರ ಕೇಳತಿತ್ತು, ನಲ್ಲಿ ಹನಿ ಕೇಳತಿತ್ತು, ಸೊಸಿ ಕೆಮ್ಮು ಕೇಳತಿತ್ತು. ದವಾಖಾನ್ಯಾಗ ಗುಳಗಿ ಕೊಟ್ರು. ತಗೊಂಡರ ಮುಂಜಾನೆ ತಲಿ ಹತ್ತಿ ಹೆಟ್ಟಿದ ಚೀಲದಂಗ ಆಗತಿತ್ತು, ನಿದ್ದಿ ಮಾತ್ರ ಬರಲಿಲ್ಲ. ಬಿಟ್ಟೆ. ಹಗಲೆಲ್ಲಾ ಕಣ್ಣಾಗ ಉಸುಕು ಹಾಕಿದಂಗ ಇರತಿತ್ತು. ಪಲ್ಯಕ್ಕ ಎರಡೆರಡು ಸರ್ತಿ ಉಪ್ಪು ಹಾಕತಿದ್ದೆ.

ಅಂಥಾದರಾಗ ಮೊಮ್ಮಗಳ ಹಾಡು ನನಗ ಗಂಟು ಬಿತ್ತು. ಆಕಿ ಕಾಲೇಜಿಗೆ ಹೋಗೋ ಹುಡುಗಿ, ನನ್ನ ಖೋಲ್ಯಾಗ ಮಲಗತಾಳ. ಕಿವ್ಯಾಗ ಏನೋ ತುರುಕಿಕೊಂಡು ಮೊಬೈಲಿನಾಗಿನ ಹಾಡು ಕೇಳತಿದ್ದಳು. ಒಂದಿನ ಕಿತ್ತು ನನ್ನ ಕಿವಿಗೆ ಇಟ್ಟುಕೊಂಡೆ.

“ಏನಲೇ ಇದು?”

“ಪವರ್ ಮೆಟಲ್, ಆಯಿ. ನಿನಗ ತಿಳಿಯಂಗಿಲ್ಲ.”

ಡ್ರಮ್ಮು ಒಂದ ಸವನ ಓಡತಿತ್ತು, ಉಸುರು ತಗೊಳ್ಳದಂಗ. ಅದರ ಮ್ಯಾಲೆ ಗಿಟಾರು. ಎಲ್ಲಾದರ ಮ್ಯಾಲೆ ಒಬ್ಬ ಗಂಡಸು ಭಾಳ ಮ್ಯಾಲಿನ ದನಿ ತಗದು ಹಾಡತಿದ್ದ. ಹುಬ್ಬಳ್ಳಿ ಹುಡುಗರಂತ, ಇಂಗ್ಲೀಷಿನಾಗ ಹಾಡತಾರಂತ.

“ಏನಂತ ಬಡಕೊಳ್ಳಾಕತ್ತಾನ?”

“ರಾಜನ ಕೋಟಿ ಬಾಗಲಾ ಕಾಯೋ ಸಿಪಾಯಿ ಕಥಿ. ರಾಜ ಸತ್ತಾನ, ದಂಡು ಓಡಿಹೋಗೇತಿ. ಇವ ಒಬ್ಬನ ಮಲಗದಂಗ ನಿಂತಾನ.”

“ಯಾಕ ಮಲಗವಲ್ಲ?”

“ಬಾಗಲಾ ಕಾಯಬೇಕಲ್ಲ.”

“ರಾಜನ ಸತ್ತಮ್ಯಾಲೆ ಯಾರ ಬಾಗಲಾ?”

“ಕೇಳಿದರ ಕೇಳು, ಇಲ್ಲಂದ್ರ ಕೊಡು ಇತ್ತಾಗ.”

ಸಿಪಾಯಿ ಶಾಣ್ಯಾ ಅಲ್ಲ. ಆದರ ಅವಗೂ ನಿದ್ದಿ ಇಲ್ಲ, ನನಗೂ ಇಲ್ಲ. ಹಂಗಾಗಿ ಹಾಡು ಹಿಡಸಿತು. ದಿನಾ ಹಚ್ಚು ಅಂತಿದ್ದೆ. ಅದನ್ನ ಕೇಳಿ ನಿದ್ದೇನೂ ಬರತಿರಲಿಲ್ಲ. ಆ ಸಪ್ಪಳ ಸಣ್ಣದು, ಕಿವಿ ದಾಟಿ ಒಳಗ ಹೋಗತಿರಲಿಲ್ಲ. ಆದರೂ ಹೊತ್ತು ಹೋಗತಿತ್ತು.

ಆಷಾಢದಾಗ ಆ ಹುಡುಗರು ಗದಗಿಗೆ ಬರತಾರ ಅನ್ನೋ ಖಬರ ಬಂತು. ಮದುವಿ ಇಲ್ಲದ ತಿಂಗಳು, ಒಂದು ಮಂಗಲ ಕಾರ್ಯಾಲಯ ಖಾಲಿ ಇತ್ತಂತ, ಮಧ್ಯಾಹ್ನದಾಗ ಹಾಡತಾರಂತ. ಮೊಮ್ಮಗಳು ಹೋಗತೇನಿ ಅಂದ್ಲು, ಮಗ ಒಬ್ಬಾಕಿನ್ನ ಕಳಸಂಗಿಲ್ಲ ಅಂದ. ನಾ ಬರತೇನಿ ಅಂದೆ.

“ಅವ್ವಾ, ಆ ಸಪ್ಪಳಕ್ಕ ಕಿವಿ ಹೋಗತಾವ,” ಅಂದ ಮಗ.

“ಹೋಗಾಕ ಉಳದಾವೇನು?”

ಮೊಮ್ಮಗಳು ಕತ್ತಿ ಚಿತ್ರ ಇದ್ದ ಒಂದು ಕರೀ ಅಂಗಿ ಕೊಟ್ಟಳು. ಕುಪ್ಪಸದ ಮ್ಯಾಲೆ ತೊಟ್ಟು ಸೆರಗು ಹೊತ್ತೆ. ಮಗ ಟಂಟಂನಾಗ ಕೂಡ್ರಿಸಿಕೊಂಡು ಹೊಂಟಾಂವ ಹೇಳಿದ: “ಯಾರರ ಕೇಳಿದರ ದವಾಖಾನಿಗೆ ಅನ್ನು.”

ಮಂಗಲ ಕಾರ್ಯಾಲಯದಾಗ ಮದುಮಕ್ಕಳು ಕೂಡ್ರೋ ದೊಡ್ಡ ಕುರ್ಚಿಗಳನ್ನ ಮೂಲಿಗೆ ಸರಿಸಿ ಅವುಗಳ ಜಾಗಾದಾಗ ಡ್ರಮ್ಮು ಇಟ್ಟಿದ್ರು. ಮಂದಿ ಭಾಳ ಇರಲಿಲ್ಲ. ಮುಂಡರಗಿ, ಶಿರಹಟ್ಟಿ ಕಡೆಯಿಂದ ಗಾಡಿ ಮ್ಯಾಲೆ ಬಂದ ಹುಡುಗರು, ಎಲ್ಲಾರೂ ಕರೀ ಅಂಗಿ. ಲಕ್ಷ್ಮೇಶ್ವರದಾಂವ ಒಬ್ಬ ಉದ್ದ ಕೂದಲಿನ ಹುಡುಗ ಬಂದು ಕೇಳಿದ: “ಅಮ್ಮಾರ, ಹಾಡಾವರಾಗ ನಿಮ್ಮ ಮಗ ಯಾರ್ರಿ?”

“ಯಾರೂ ಅಲ್ಲೋ ತಮ್ಮ. ಹಾಡು ಕೇಳಾಕ ಬಂದೇನಿ.”

ನನ್ನ ಮೈಮ್ಯಾಲಿನ ಅಂಗಿ ನೋಡಿದ. ಕುರ್ಚಿ ತಂದು ಎಲ್ಲಾರಕಿಂತ ಮುಂದ ಹಾಕಿಕೊಟ್ಟ.

ಮೊಮ್ಮಗಳು ವೇದಿಕಿ ಹಿಂದ ಹೋಗಿ ಬಂದಳು. ಮಾರಿ ಅರಳಿತ್ತು. “ಸಿಪಾಯಿ ಹಾಡು ಕಡೀಗೆ ಹಾಡತಾರ. ನಿನ್ನ ಸಲುವಾಗಿ ಅಂತ ಮೈಕಿನಾಗ ಹೇಳತಾರ. ನಮ್ಮ ಆಯಿ ಖರೇ ಅಭಿಮಾನಿ ಅಂತ ಹೇಳಿ ಬಂದೇನಿ. ನೀ ಎದ್ದು ನಿಂತು ಕೈ ಎತ್ತಬೇಕು.”

“ಮಣಕಾಲು ಒಪ್ಪಿದರ ಎತ್ತತೇನಿ.”

ಹಾಡು ಶುರು ಆತು. ಮೊಬೈಲಿನಾಗ ಕೇಳಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಸಪ್ಪಳ ಕಿವಿಗೆ ಬರಲಿಲ್ಲ, ನೆಲದಿಂದ ಬಂತು. ಅಂಗಾಲಿನಿಂದ ಹತ್ತಿ, ಕುರ್ಚಿ ಕಾಲಿನಿಂದ ಹತ್ತಿ, ಪಕ್ಕಡಿ ಎಲುಬಿನಾಗ ಕುಂತಿತು. ಹುಡುಗರು ಕೂದಲಾ ಬಿಟ್ಟು ತಲಿ ತಿರುವಾಕತ್ರು. ನನಗ ಶೆಡ್ಡಿನಾಗ ಕುಂತಂಗ ಆತು. ನಾಕೂ ಮಗ್ಗ ಹಚ್ಚಿದಾಗ ಹಿಂಗ ನೆಲ ನಡುಗತಿತ್ತು. ಎರಡನೇ ಹಾಡಿಗೆ ರೆಪ್ಪಿ ಭಾರ ಆದುವು. ಮೂರನೇದು ನೆನಪಿಲ್ಲ.

ಎಚ್ಚರಾದದ್ದು ಸಪ್ಪಳ ನಿಂತಾಗ.

“ಕರೆಂಟ್ ಹೋತೇನು?” ಅಂದೆ, ಜೋರಾಗೇ ಅಂದೆ.

ಸುತ್ತಲೂ ನಕ್ಕರು. ಎಲ್ಲಾ ಮುಗದಿತ್ತು. ಸಿಪಾಯಿ ಹಾಡೂ ಮುಗದಿತ್ತು. ಆಮ್ಯಾಲೆ ಲಕ್ಷ್ಮೇಶ್ವರದ ಹುಡುಗ ಹೇಳಿದ, ಲೈಟು ನನ್ನ ಮ್ಯಾಲೆ ಬಿಟ್ಟಿದ್ರಂತ, ಎಲ್ಲಾರೂ ನನ್ನ ಕುರ್ಚಿ ಸುತ್ತ ನಿಂತು ಕೈ ಎತ್ತಿದ್ರಂತ, ಮೊಮ್ಮಗಳು ಭುಜ ಹಿಡದು ಅಲುಗಾಡಿಸಿದರ ನಾ ನೊಣಾ ಹೊಡದಂಗ ಆಕಿ ಕೈ ಹೊಡದೆನಂತ. ಹಾಡಾಂವ ಮೈಕಿನಾಗ, “ಅಜ್ಜಿಯವರಿಗೆ ನಾವು ಜೋಗುಳ ಹಾಡಿದಂಗ ಆತ್ರಿ,” ಅಂದನಂತ.

ಟಂಟಂನಾಗ ಮೊಮ್ಮಗಳು ಆ ಕಡೆ ಮಾರಿ ಮಾಡಿ ಕುಂತಳು. ಸ್ವಲ್ಪ ದೂರ ಹೋದಮ್ಯಾಲೆ ಅಂದ್ಲು: “ಎಲ್ಲಾರ ಮುಂದ ಮರ್ಯಾದಿ ತಗದಿ.”

“ನನಗ ನಿದ್ದಿ ಬಂದಿತ್ತಲೇ.”

“ಅದನ್ನ ಹೇಳಾಕತ್ತೇನಿ ನಾನೂ.”

ಆಕಿಗೆ ತಿಳೀಲಿಲ್ಲ. ಮಗ್ಗ ಹೋದಮ್ಯಾಲೆ ನನಗ ಬಂದ ಮೊದಲನೇ ನಿದ್ದಿ ಅದು. ಬಿಡಿಸಿ ಹೇಳಾಕ ನನಗ ತ್ರಾಣ ಇರಲಿಲ್ಲ. ಅಷ್ಟು ನಿದ್ದಿ ಮಾಡಿದ್ದಕ್ಕ ಮೈ ಇನ್ನಷ್ಟು ಬೇಡತಿತ್ತು. ಮನಿಗೆ ಬಂದು ಮಲಗಿದರ ಮತ್ತ ಅದ ಗಡಿಯಾರ, ಅದ ನಲ್ಲಿ.

ಮರುದಿನ ಇನ್ನೂ ಕತ್ತಲಿದ್ದಾಗ ಮೊಮ್ಮಗಳನ್ನ ಎಬಿಸಿದೆ. “ಏಳು, ಹೊರಸಿನ ಆ ಕಡೆ ಹಿಡಿ.”

“ಎಲ್ಲಿಗೆ?” ಅಂದ್ಲು. ಮಾರಿ ಇನ್ನೂ ಊದಿತ್ತು.

“ಕಾಳಿನ ಖೋಲಿಗೆ.”

ಆ ಖೋಲಿ ಗ್ವಾಡಿ ಆಚಿಕಡೆ ಬಾಜೂ ಮನಿಯವರ ಶೆಡ್ಡು. ಅವರು ಮಗ್ಗ ಇನ್ನೂ ಮಾರಿಲ್ಲ, ಬೆಳಕು ಹರಿಯೋದರಾಗ ಹಚ್ಚತಾರ. ಇಷ್ಟು ದಿನ ಆ ಖೋಲ್ಯಾಗ ಜ್ವಾಳದ ಚೀಲ ಸುಖವಾಗಿ ಮಲಗಿದ್ದುವು. ಚೀಲ ಜಗ್ಗಿ ಹೊರಗ ಹಾಕಿದೆವು. ಸೊಸಿ ಬಾಗಲಾಗ ನಿಂತು, “ಅಲ್ಲಿ ಭಾಳ ಸಪ್ಪಳ ಆಗತೈತ್ರಿ ಅತ್ತಿ,” ಅಂದ್ಲು. ಗೊತ್ತೈತಿ ಅಂದೆ. ಹೊರಸನ್ನ ಗ್ವಾಡಿಗೆ ಹತ್ತಿಸಿ ಹಾಕಿಸಿದೆ.

ಆಚಿಕಡೆ ಮಗ್ಗ ಹಚ್ಚಿದರು. ಗ್ವಾಡಿ ನಡುಗಿತು, ಹೊರಸೂ ನಡುಗಿತು. ಮೊಮ್ಮಗಳು ಗ್ವಾಡಿಗೆ ಅಂಗೈ ಇಟ್ಟಳು. ನನ್ನ ಕಡೆ ನೋಡಿದಳು.

“ಹಾಡು ಚಂದ ಇತ್ತು ಅಂತ ನಮ್ಮ ಆಯಿ ಹೇಳ್ಯಾಳ ಅಂತ ಆ ಹಾಡಾವರಿಗೆ ತಿಳಸ್ಲೇನು?”

“ಸುಳ್ಳ ಯಾಕ? ನಾ ಕೇಳೇ ಇಲ್ಲ. ಚಲೋ ನಿದ್ದಿ ಬಂತು ಅಂತ ತಿಳಸು.”

ಸೆರಗು ಮಾರಿ ಮ್ಯಾಲೆ ಎಳಕೊಂಡು ಗ್ವಾಡಿ ಕಡೆ ಹೊಳ್ಳಿ ಮಲಗಿದೆ. ರೊಟ್ಟಿ ಆದಮ್ಯಾಲೆ ಎಬಿಸಿದರು.