ಅರ್ಧ ಜೀವಕ್ಕೊಂದು ಕತ್ತಿ

ಗಂಗಾವತಿಯಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ಸಂಜೆ ಆಫೀಸಿನಿಂದ ಬಂದು, ಕೈಕಾಲು ತೊಳೆದು, ಕಂಪ್ಯೂಟರ್ ಆಟವೊಂದರ ಪಾತಾಳಕ್ಕೆ ಇಳಿಯುತ್ತಿದ್ದರು. ಆ ಆಟದಲ್ಲಿ ಸತ್ತರೆ ಮತ್ತೆ ಮೊದಲಿನಿಂದ ಶುರು. ಮೊದಲ ಅಂತಸ್ತಿನಲ್ಲೇ ಒಂದು ಭೂತ ಅರ್ಧ ಜೀವ ಕೇಳಿ, ಬದಲಿಗೆ ಭಾರೀ ಕತ್ತಿ ಕೊಡುತ್ತಿತ್ತು. ಇವರು ಕನ್ನಡಕ ಒರೆಸುತ್ತ, "ತಡೀರಿ, ವಿಚಾರ ಮಾಡೂಣು" ಎನ್ನುವರು. ಕತ್ತಿಯಿದ್ದರೆ ಎಂಥ ರಾಕ್ಷಸನಿಗೂ ಒಂದೇ ಏಟು ಸಾಕು. ಆದರೆ ಪಾತಾಳದ ತಳದಲ್ಲಿರುವ ದೊಡ್ಡ ರಾಕ್ಷಸನವರೆಗೆ ಉಳಿದರ್ಧ ಜೀವದಲ್ಲೇ ಬದುಕಿ ಹೋಗಬೇಕು. ವಿಚಾರ ಊಟದ ಹೊತ್ತಿನವರೆಗೂ ನಡೆದು, ಬೇಡವೆಂದೇ ತೀರ್ಮಾನವಾಗಿ, ಮೊಂಡು ಚಾಕು ಹಿಡಿದು ನಡುದಾರಿಯಲ್ಲಿ ಸಾಯುತ್ತಿದ್ದರು. ತಳದ ರಾಕ್ಷಸನ ಮುಖವನ್ನು ಒಮ್ಮೆಯೂ ಕಂಡಿರಲಿಲ್ಲ. ಅದೇ ಅವರ ಕೊರಗು.

ಒಂದು ಸಂಜೆ ಹುಲಿಗೆಮ್ಮ ದೇವಿಯ ಫೋಟೋದ ಮೇಲೆ ಹೂವಿಟ್ಟು ಅಪ್ಪಣೆ ಕೇಳಿದರು: ಬಲಕ್ಕೆ ಬಿದ್ದರೆ ಕತ್ತಿ, ಎಡಕ್ಕೆ ಬಿದ್ದರೆ ಬೇಡ. ಹೂ ಅಲುಗಲೇ ಇಲ್ಲ. ಚಹಾ ತಂದ ಹೆಂಡತಿ, "ಮಂದಿ ಮದುವಿ, ಮಕ್ಕಳು ಬೇಡ್ತಾರ. ನಿಮಗ ಕತ್ತಿ ಬೇಕೇನ್ರಿ?" ಎನ್ನುತ್ತ, ಗಂಡ ಬೆವತದ್ದು ಕಂಡು ಫ್ಯಾನು ಹಾಕಿದರು. ಹೂ ಬಲಕ್ಕೆ ಬಿತ್ತು.

"ಆತು, ಅಪ್ಪಣಿ ಸಿಕ್ತು!"

ಕತ್ತಿ ಪಡೆದು ಎರಡನೆಯ ಅಂತಸ್ತಿಗೆ ಇಳಿದವರು ಅಲ್ಲೇ ಒಂದು ಇಲಿ ಕಚ್ಚಿ ಸತ್ತರು.

"ಹೂ ಬೀಳಿಸಿದ್ದು ನನ್ನ ಫ್ಯಾನ್ರಿ," ಎಂದು ಹೆಂಡತಿ ಪೇಚಾಡಿದರು.

"ಇರ್ಲಿ ಬಿಡು," ಎಂದರು ಅವರು ಗಂಭೀರವಾಗಿ, "ತಾಯಿ ಕತ್ತಿ ತಗೋ ಅಂದ್ಲು. ಇಲಿ ಮುಂದ ಹೋಗಿ ನಿಲ್ಲು ಅಂದಿದ್ದಿಲ್ಲ."